ಬಚ್ಚಲ ಗೋಡೆ ಮೇಲಿನ ಸಣ್ಣ ನೊಣ: ಹುಟ್ಟುವ ಜಾಗ ಪತ್ತೆ ಹಚ್ಚುವುದು ಹೇಗೆ

ಬೆಳಗ್ಗೆ ಬಚ್ಚಲ ದೀಪ ಹಾಕಿದ ಕೂಡಲೇ ಗೋಡೆ ಮೇಲೆ ನಾಲ್ಕೈದು ಕಪ್ಪು ಚುಕ್ಕೆ. ಕೈ ಹತ್ತಿರ ಒಯ್ದರೆ ಒಂದು ಗೇಣು ಹಾರಿ ಮತ್ತೆ ಅಲ್ಲೇ ಕೂರುತ್ತವೆ. ಬೆರಳಲ್ಲಿ ಒತ್ತಿದರೆ ಬೂದಿಯಂಥ ಪುಡಿ, ಟೈಲ್ಸ್ ಮೇಲೆ ಒಂದು ಕಪ್ಪು ಗೆರೆ. ಹೋದ ಮಳೆಗಾಲದಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ದಿನಾ ಇದೇ ಕಥೆ. ಒಂದೂವರೆ ತಿಂಗಳು ಸ್ಪ್ರೇ ಹೊಡೆದೆ. ಎರಡು ಡಬ್ಬಿ ಖಾಲಿಯಾದವು. ರಾತ್ರಿ ಸತ್ತಷ್ಟೇ ಬೆಳಗ್ಗೆ ಹೊಸದಾಗಿ ಬಂದು ಕೂತಿರುತ್ತಿದ್ದವು. "ನೊಣ ಸಾಯ್ತಾವೋ ಇಲ್ವೋ, ನಮ್ಮನ್ನಂತೂ ಸಾಯಿಸ್ತಿ ನೋಡವ್ವಾ" ಅಂತ ಅತ್ತೆ ಮೂಗಿಗೆ ಸೆರಗು ಹಿಡಿದು ಹೊರಗೆ ಹೋಗಿ ಕೂರುತ್ತಿದ್ದರು.

ನಾನು ಗೋಡೆ ಮೇಲೆ ಕಂಡದ್ದನ್ನು ಹೊಡೆಯುತ್ತಿದ್ದೆ. ಹುಟ್ಟುವ ಜಾಗ ಹುಡುಕಿರಲೇ ಇಲ್ಲ. ಕಡೆಗೆ ಅದು ಸಿಕ್ಕಿದ್ದು ಬಚ್ಚಲಲ್ಲಿ ಅಲ್ಲವೇ ಅಲ್ಲ. ಆ ಹುಡುಕಾಟವನ್ನೇ ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ನೆಲ ಒಡೆಸುವ ಮಾತು ಕಡೆಗೆ.

## ಮೊದಲು ಒಂದನ್ನು ಹಿಡಿಯಿರಿ

ಒಂದು ಗಾಜಿನ ಲೋಟ, ಒಂದು ದಪ್ಪ ಕಾಗದ ಸಾಕು. ಕೂತ ನೊಣದ ಮೇಲೆ ಲೋಟ ಬೋರಲು ಹಾಕಿ, ಕೆಳಗೆ ಕಾಗದ ತೂರಿಸಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ.

"ಸಣ್ಣ ನೊಣ", "ನುಸಿ", "ನೊರಜು" ಅಂತ ನಾವು ಒಟ್ಟಿಗೆ ಕರೆಯುವವು ಒಂದೇ ಜಾತಿ ಅಲ್ಲ. ಮನೆಯೊಳಗೆ ಸಾಮಾನ್ಯವಾಗಿ ಸಿಗುವವು ನಾಲ್ಕು. ನಾಲ್ಕರ ಮರಿಹುಳುವೂ ಬೆಳೆಯುವುದು ಕೊಳೆತದ್ದರಲ್ಲೇ. ಆದರೆ ಒಂದೊಂದಕ್ಕೂ ಬೇರೆ ಬೇರೆ ಕೊಳೆ ಬೇಕು. ಅದಕ್ಕೇ ನೊಣದ ಗುರುತು ಸಿಕ್ಕರೆ ಅದರ ವಿಳಾಸವೂ ಅರ್ಧ ಸಿಕ್ಕ ಹಾಗೆ.

ಮೈ ತುಂಬ ರೋಮ, ಅಗಲ ರೆಕ್ಕೆ, ಪುಟಾಣಿ ಪತಂಗದ ಹಾಗಿದ್ದರೆ ಅದು ಬಚ್ಚಲು ನೊಣ. ಕಂದು ಮೈ, ಕೆಂಪು ಕಣ್ಣು ಇದ್ದರೆ ಹಣ್ಣಿನ ನೊಣ. ಕಪ್ಪಗೆ ಸಪೂರ, ಉದ್ದ ಕಾಲು, ಸೊಳ್ಳೆಯ ತಮ್ಮನ ಹಾಗಿದ್ದರೆ ಹೂಕುಂಡದ ನುಸಿ. ಬೆನ್ನು ಗೂನಾಗಿದ್ದು, ಹಾರುವ ಬದಲು ತಡೆತಡೆದು ಓಡುತ್ತಿದ್ದರೆ ಗೂನು ನೊಣ. ಕೊನೆಯದು ಸಿಕ್ಕರೆ ಮಾತ್ರ ಸ್ವಲ್ಪ ಚಿಂತೆ ಮಾಡಿ.

## ಲಕ್ಷಣ: ಬಚ್ಚಲ ಗೋಡೆ ಮೇಲೆ ಪುಟಾಣಿ ಪತಂಗ

ಇದು ಬಚ್ಚಲು ನೊಣ. ಸೈಕೋಡಿಡೇ ಅನ್ನುವ ಕುಟುಂಬದ್ದು. ಬೆಚ್ಚಗಿನ ಊರುಗಳ ಮನೆಗಳಲ್ಲಿ ಜಾಸ್ತಿ ಕಾಣುವ ಜಾತಿಗೆ ಕ್ಲಾಗ್ಮಿಯಾ ಆಲ್ಬಿಪಂಕ್ಟಾಟಾ ಅಂತ ಹೆಸರು. ಉದ್ದ 2ರಿಂದ 5 ಮಿಲಿಮೀಟರ್. ರೆಕ್ಕೆ ಅಂಚಿನಲ್ಲಿ ಸಣ್ಣ ಬಿಳಿ ಚುಕ್ಕೆ ಕಂಡರೆ ಅದೇ ಅಂತ ತಿಳಿಯಿರಿ. ಕೂತಾಗ ಮೇಲಿಂದ ನೋಡಿದರೆ ಹೃದಯದ ಆಕಾರ. ಹಾರುವುದರಲ್ಲಿ ಬಹಳ ದಡ್ಡ, ಗಾಳಿಗೆ ಎಸೆದ ಹೊಟ್ಟಿನ ಹಾಗೆ ಹಾರುತ್ತದೆ. ಹಗಲು ತಂಪು ಗೋಡೆಗೆ ಅಂಟಿಕೊಂಡು ಕೂತು, ರಾತ್ರಿ ಓಡಾಡುತ್ತದೆ.

ಇದು ಕಚ್ಚುವುದಿಲ್ಲ, ರಕ್ತ ಕುಡಿಯುವುದಿಲ್ಲ. ಆದರೆ ಗಟಾರದಲ್ಲಿ ಹುಟ್ಟಿ ಬಂದದ್ದು, ಹಲ್ಲುಜ್ಜುವ ಬ್ರಷ್ಷಿನ ಮೇಲೆ ಕೂತರೆ ಒಳ್ಳೆಯದಲ್ಲ. ಬ್ರಷ್ ಮುಚ್ಚಿಡಿ. ಜಾಸ್ತಿ ಸಂಖ್ಯೆಯಲ್ಲಿ ಇದ್ದರೆ ಸತ್ತವುಗಳ ರೋಮ, ಪುಡಿ ಗಾಳಿಗೆ ಸೇರಿ, ಅಸ್ತಮಾ ಇರುವ ಕೆಲವರಿಗೆ ತೊಂದರೆ ಕೊಡುತ್ತದೆ. ಹಾಗಾಗಿ ಗೋಡೆ ಮೇಲೆ ಒರೆಸುವಾಗ ಒಣ ಬಟ್ಟೆ ಬೇಡ, ಒದ್ದೆ ಬಟ್ಟೆ ಇರಲಿ.

ಈಗ ಮುಖ್ಯವಾದ ಮಾತು. ಹೆಣ್ಣು ನೊಣ ಮೊಟ್ಟೆ ಇಡುವುದು ನೀರಿನಲ್ಲಿ ಅಲ್ಲ, ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿ. ಸೋಪು, ಕೂದಲು, ಎಣ್ಣೆ, ಮೈ ಕೊಳೆ ಸೇರಿ ಒಂದು ಪದರ ಕಟ್ಟಿರುತ್ತದಲ್ಲ, ಅದು. ಮೊಟ್ಟೆ ಎರಡು ದಿನದೊಳಗೆ ಒಡೆಯುತ್ತದೆ. ಮರಿಹುಳು 9ರಿಂದ 15 ದಿನ ಆ ಲೋಳೆಯನ್ನೇ ತಿಂದು ಬೆಳೆಯುತ್ತದೆ. ಕೋಶ ಕಟ್ಟಿ ಒಂದೆರಡು ದಿನಕ್ಕೆ ನೊಣವಾಗಿ ಹೊರಗೆ ಬರುತ್ತದೆ. ಆಮೇಲೆ ಸುಮಾರು ಎರಡು ವಾರದ ಆಯಸ್ಸು. ಅಂದರೆ ನೀವು ಇವತ್ತು ಗೋಡೆ ಮೇಲಿನ ಎಲ್ಲವನ್ನೂ ಕೊಂದರೂ ಪೈಪಿನೊಳಗೆ ಮುಂದಿನ ತಂಡ ತಯಾರಾಗಿ ಕೂತಿದೆ. ನನ್ನ ಎರಡು ಡಬ್ಬಿ ಸ್ಪ್ರೇ ಹಾಳಾಗಿದ್ದು ಹೀಗೆ.

(ಇದೇ ಹುಳು ಕೊಳಚೆ ನೀರು ಶುದ್ಧ ಮಾಡುವ ಕೆಲವು ಘಟಕಗಳಲ್ಲಿ ಕಲ್ಲುಗಳ ಮೇಲಿನ ಲೋಳೆ ತಿಂದು ಉಪಕಾರ ಮಾಡುತ್ತದೆ. ನಮ್ಮ ಮನೆಯಲ್ಲೂ ಅದು ಮಾಡುತ್ತಿದ್ದದ್ದು ಅದೇ ಕೆಲಸ, ಪಾಪ.)

## ಟೇಪ್ ಪರೀಕ್ಷೆ: ಯಾವ ತೂತಿನಿಂದ ಬರುತ್ತಿದೆ?

ಇದಕ್ಕೆ ಬೇಕಾದ್ದು ಅಗಲದ ಅಂಟು ಟೇಪು, ಒಂದು ಪೆನ್ನು. ರಾತ್ರಿ ಎಲ್ಲರ ಸ್ನಾನ, ಪಾತ್ರೆ ಮುಗಿದ ಮೇಲೆ ನೀರು ಹೋಗುವ ತೂತಿನ ಜಾಲಿಯ ಸುತ್ತ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಟೇಪಿನ ಅಂಟು ಮುಖ ಕೆಳಗೆ ಬರುವ ಹಾಗೆ ಜಾಲಿಯ ಮೇಲೆ ಹಚ್ಚಿ. ಪೂರ್ತಿ ಮುಚ್ಚಬೇಡಿ, ಪಕ್ಕದಲ್ಲಿ ಸ್ವಲ್ಪ ಸಂದು ಬಿಡಿ. ಗಾಳಿ ಆಡದಿದ್ದರೆ ನೊಣ ಮೇಲೆ ಬರುವುದಿಲ್ಲ. ಟೇಪಿನ ಮೇಲೆ ಜಾಗದ ಹೆಸರು, ತಾರೀಖು ಬರೆಯಿರಿ. ಬೆಳಗ್ಗೆ ಕಿತ್ತು ನೋಡಿ.

ಒಂದೇ ರಾತ್ರಿ ನೋಡಿ ತೀರ್ಮಾನ ಮಾಡಬೇಡಿ. ಕೆಲವು ದಿನ ಒಂದೂ ಹೊರಗೆ ಬರುವುದಿಲ್ಲ. ನಾಲ್ಕೈದು ರಾತ್ರಿ ಮಾಡಿ. ಮತ್ತೆ, ನೊಣ ಕಾಣುವ ಕೋಣೆಗೆ ಮಾತ್ರ ಹಚ್ಚಬೇಡಿ. ಮನೆಯ ಎಲ್ಲ ತೂತಿಗೂ ಹಚ್ಚಿ. ನಾನು ಮೊದಲು ಬಚ್ಚಲಿಗೆ ಮಾತ್ರ ಹಚ್ಚಿ ಮೂರು ದಿನ ಸುಮ್ನೆ ಕಳೆದೆ. ಒಂದೂ ಅಂಟಲಿಲ್ಲ. ನಾಲ್ಕನೆಯ ರಾತ್ರಿ ಅಡುಗೆಮನೆ ಸಿಂಕು, ಎರಡು ಬಚ್ಚಲು, ವಾಷ್ ಬೇಸಿನ್, ಹಿತ್ತಲಲ್ಲಿ ವಾಷಿಂಗ್ ಮಷಿನ್ ಪೈಪು ಬಿಟ್ಟಿರುವ ಜಾಲಿ, ಐದಕ್ಕೂ ಹಚ್ಚಿದೆ. ಬೆಳಗ್ಗೆ ಎದ್ದು ನೋಡಿದರೆ ಹಿತ್ತಲ ಟೇಪಿನಲ್ಲಿ 14 ಅಂಟಿದ್ದವು. ಸಿಂಕಿನಲ್ಲಿ ಒಂದು. ಉಳಿದವು ಖಾಲಿ. ಹಿತ್ತಲಿಗೂ ಬಚ್ಚಲಿಗೂ ನಡುವೆ ಒಂದು ಗವಾಕ್ಷಿ ಇದೆ. ತಂಪು ಗೋಡೆ ಹುಡುಕಿಕೊಂಡು ಅಲ್ಲಿಂದ ಒಳಗೆ ಬರುತ್ತಿದ್ದವು, ಅಷ್ಟೇ.

ಟೇಪು ಏನು ಹೇಳುತ್ತದೆ ಅಂದರೆ, ಒಂದು ಕಡೆ ಮಾತ್ರ ರಾಶಿ ಅಂಟಿದ್ದರೆ ದೋಷ ಆ ಟ್ರ್ಯಾಪಿನಲ್ಲೇ (ಜಾಲಿಯ ಕೆಳಗೆ ನೀರು ನಿಲ್ಲುವ ಗುಂಡಿ) ಇದೆ, ನೀವೇ ತೊಳೆದು ಸರಿಮಾಡಬಹುದು. ಎಲ್ಲ ಕಡೆಯೂ ಸಮವಾಗಿ ಅಂಟಿದ್ದರೆ ಮನೆಯ ಪೈಪುಗಳೆಲ್ಲ ಹೋಗಿ ಸೇರುವ ಹೊರಗಿನ ಚೇಂಬರಿನ ಮೇಲೆ ಅನುಮಾನ ಪಡಿ. ಐದು ರಾತ್ರಿ ಕಳೆದರೂ ಎಲ್ಲೂ ಒಂದೂ ಅಂಟದೆ, ಗೋಡೆ ಮೇಲೆ ಮಾತ್ರ ಬರುತ್ತಲೇ ಇದ್ದರೆ ಅವು ಪೈಪಿನಿಂದ ಬರುತ್ತಿಲ್ಲ. ಅದಕ್ಕೆ ಕೆಳಗೆ ಬೇರೆ ಭಾಗ ಇದೆ.

## ಟೇಪಿಗೆ ಅಂಟಿದವು. ಈಗ ತೊಳೆಯುವುದು

ರಬ್ಬರ್ ಕೈಗವಸು ಹಾಕಿಕೊಳ್ಳಿ. ಜಾಲಿ ಎತ್ತಿ. ಅದರ ಕೆಳಗೆ, ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುವುದರೊಳಗೆ, ಒಂದು ಬಟ್ಟಲು ಬೋರಲು ಹಾಕಿದ ಹಾಗೆ ಕೂತಿರುತ್ತದೆ. ಕೆಲವದರಲ್ಲಿ ಇರುವುದಿಲ್ಲ. ಇದ್ದರೆ ಮೆಲ್ಲಗೆ ತಿರುಗಿಸಿ ಎತ್ತಿ.

ನಮ್ಮ ಹಿತ್ತಲ ಟ್ರ್ಯಾಪಿನ ಬಟ್ಟಲು ಎತ್ತಿದಾಗ ಕಂಡದ್ದನ್ನು ಹೇಳಬೇಕು. ಒಳಮೈಗೆ ಕಪ್ಪು ಬೆಣ್ಣೆ ಸವರಿದ ಹಾಗೆ ಅರ್ಧ ಬೆರಳು ದಪ್ಪ ಲೋಳೆ. ಅದರಲ್ಲಿ ಬಟ್ಟೆಯ ನೂಲು, ಕೂದಲು, ಕರಗದ ಸೋಪಿನ ಪುಡಿಯ ಉಂಡೆ. ಮೊದಲು ಏನೂ ಅಲುಗಾಡಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಒಂದು ನಿಮಿಷ ನೋಡುತ್ತಾ ಕೂತೆ. ಆಮೇಲೆ ಲೋಳೆಯೇ ಉಸಿರಾಡಿದ ಹಾಗೆ ಅಲ್ಲಲ್ಲಿ ಸಣ್ಣ ಚಲನೆ. ಬೂದು ಬಣ್ಣದ ದಾರದಂಥ ಹುಳು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ತಲೆ ಲೋಳೆಯೊಳಗೆ, ಬಾಲದ ತುದಿ ಮಾತ್ರ ಮೇಲೆ. ಆ ತುದಿಯಲ್ಲೇ ಅವುಗಳ ಉಸಿರಿನ ಕೊಳವೆ ಇರುವುದು. ಮೇಲಿಂದ ಒಂದು ಚೊಂಬು ನೀರು ಸುರಿದೆ. ಒಂದೂ ಕೊಚ್ಚಿ ಹೋಗಲಿಲ್ಲ.

ಕೊಚ್ಚಿ ಹೋಗುವುದಿಲ್ಲ ಅನ್ನುವುದೇ ಇಲ್ಲಿ ತಿಳಿಯಬೇಕಾದ್ದು. ಲೋಳೆ ಕೆರೆದು ತೆಗೆಯಬೇಕು. ಹಳೆಯ ಚಮಚದಲ್ಲಿ ದಪ್ಪ ಲೋಳೆ ಕೆರೆದು ಕವರಿಗೆ ಹಾಕಿ, ಗಂಟು ಕಟ್ಟಿ ಕಸಕ್ಕೆ ಹಾಕಿ. ಪೈಪಿನೊಳಗೆ ಮತ್ತೆ ತಳ್ಳಬೇಡಿ. ಆಮೇಲೆ ಉದ್ದ ಹಿಡಿಯ ಬ್ರಷ್ ಇಳಿಸಿ ಪೈಪಿನ ಒಳಗೋಡೆ ಸುತ್ತಲೂ ಉಜ್ಜಿ. ಬಾಟಲಿ ತೊಳೆಯುವ ಬ್ರಷ್ ಆದರೂ ನಡೆಯುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿನ ಭಾಗ, ಜಾಲಿಯ ಅಡಿಮೈ, ಬಟ್ಟಲಿನ ಒಳಮೈ, ಇವನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಹುಳು ಇರುವುದೂ ಅಲ್ಲೇ. ಕಡೆಗೆ ಸೋಪಿನ ಪುಡಿ ಕಲಸಿದ ಬಿಸಿನೀರು ಹಾಕಿ. ಕೈ ತಡೆಯುವಷ್ಟು ಬಿಸಿ ಸಾಕು.

ಒಂದು ದಿನ ಬಿಟ್ಟು ಒಂದು ದಿನದ ಹಾಗೆ ಒಂದು ವಾರ ಮಾಡಿ. ಮೊದಲ ಹತ್ತು ಹನ್ನೆರಡು ದಿನ ಗೋಡೆ ಮೇಲೆ ನೊಣ ಕಂಡೇ ಕಾಣುತ್ತವೆ, ಹೆದರಬೇಡಿ. ಅವು ಮೊದಲೇ ಹುಟ್ಟಿದವು. ಟೇಪಿನಲ್ಲಿ ಅಂಟುವ ಲೆಕ್ಕ ಇಳಿಯುತ್ತಿದೆಯಾ ಅಂತ ಮಾತ್ರ ನೋಡಿ. ನಮ್ಮಲ್ಲಿ 14 ಇದ್ದದ್ದು ಐದನೇ ದಿನಕ್ಕೆ 3 ಆಯಿತು. ಮೂರನೇ ವಾರಕ್ಕೆ ಸೊನ್ನೆ.

ಅಂಗಡಿಯಲ್ಲಿ ಸಿಗುವ, ಬ್ಯಾಕ್ಟೀರಿಯಾ ಅಥವಾ ಎಂಜೈಮ್ ಇರುವ ಡ್ರೈನ್ ಜೆಲ್ ಉಪಯೋಗಕ್ಕೆ ಬರುತ್ತದೆ, ಬ್ರಷ್ ಮುಟ್ಟದ ತಿರುವುಗಳಲ್ಲಿ ಮುಖ್ಯವಾಗಿ. ರಾತ್ರಿ ಹಾಕಿ ಬೆಳಗಿನವರೆಗೆ ನೀರು ಬಿಡದೆ ಇಡಬೇಕು. ಆದರೆ ಬ್ರಷ್ಷಿನ ಬದಲು ಅದಲ್ಲ, ಬ್ರಷ್ಷಾದ ಮೇಲೆ ಅದು. ಅಡುಗೆ ಸೋಡಾ, ವಿನೆಗರ್ ಹಾಕಿದರೆ ನೊರೆ ಚೆನ್ನಾಗಿ ಬರುತ್ತದೆ. ನೋಡಲು ಖುಷಿ. ಲೋಳೆ ಮಾತ್ರ ಅಲ್ಲೇ ಇರುತ್ತದೆ.

## ಇವನ್ನು ಮಾಡಬೇಡಿ

ಬಚ್ಚಲು ತೊಳೆಯುವ ಆಸಿಡ್ಡು, ಬ್ಲೀಚಿಂಗ್ ಪೌಡರ್ ಎರಡನ್ನೂ ಯಾವತ್ತೂ ಸೇರಿಸಬೇಡಿ. ಒಂದು ಹಾಕಿ ಸಾಲಲಿಲ್ಲ ಅಂತ ಅದೇ ತೂತಿಗೆ ಇನ್ನೊಂದು ಹಾಕುವವರು ಬಹಳ ಜನ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮ ಬಚ್ಚಲುಗಳೋ ನಾಲ್ಕಡಿ ಅಗಲ, ಕಿಟಕಿ ಅಂಗೈಯಷ್ಟು. ಗೊತ್ತಿಲ್ಲದೆ ಹಾಗಾಗಿ ಕಣ್ಣು, ಗಂಟಲು ಉರಿಯಲು ಶುರುವಾದರೆ ನೀರು ಹಾಕಿ ಸರಿಮಾಡುತ್ತೇನೆ ಅಂತ ಅಲ್ಲೇ ನಿಲ್ಲಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಗಾಳಿಗೆ ಬನ್ನಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪೈಪಿನ ಕಟ್ಟು ಬಿಡಿಸುವ ಕಾಸ್ಟಿಕ್ ಪುಡಿ ನೀರಿಗೆ ಬಿದ್ದ ಕೂಡಲೇ ಕುದಿದು ಸಿಡಿಯುತ್ತದೆ. ಬಗ್ಗಿ ನೋಡಬೇಡಿ. ಅದು ಹಾಕಿದ ತೂತಿಗೆ ಆಸಿಡ್ಡೂ ಬೇಡ. ಕಣ್ಣಿಗೆ ಸಿಡಿದರೆ ನಲ್ಲಿಯ ಕೆಳಗೆ ಕಣ್ಣು ಬಿಟ್ಟು 15ರಿಂದ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಇಷ್ಟೆಲ್ಲ ಅಪಾಯ ತಗೊಂಡರೂ ಇದು ನೊಣಕ್ಕೆ ಔಷಧಿಯಲ್ಲ. ಪುಡಿ ಪೈಪಿನ ತಳದಲ್ಲಿ ಹರಿದು ಹೋಗುತ್ತದೆ, ಹುಳು ಗೋಡೆಯಲ್ಲಿ ಇರುತ್ತದೆ.

ಕುದಿಯುವ ನೀರು ಬೇಡ. ಪಿವಿಸಿ ಪೈಪು ಆ ಬಿಸಿಗೆ ಮೆತ್ತಗಾಗುತ್ತದೆ, ಜಾಯಿಂಟು ಸಡಿಲವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಗಟಾರಕ್ಕೆ ಸುರಿಯುವುದಂತೂ ಬೆಂಕಿಗೆ ಆಹ್ವಾನ. ಗ್ಯಾಸ್ ಗೀಸರ್ ಉರಿಯುತ್ತಿರುವಾಗ ನೊಣದ ಸ್ಪ್ರೇ ಹೊಡೆಯಬೇಡಿ. ಆ ಡಬ್ಬಿಯೊಳಗಿನ ಅನಿಲ ಬೆಂಕಿ ಹಿಡಿಯುತ್ತದೆ.

## ಲಕ್ಷಣ: ಊರಿಂದ ಬಂದು ಬಾಗಿಲು ತೆಗೆದರೆ ಮನೆ ತುಂಬ ನೊಣ, ಜೊತೆಗೆ ವಾಸನೆ

ಇದು ಸುಲಭದ್ದು. ಟ್ರ್ಯಾಪಿನಲ್ಲಿ ಯಾವಾಗಲೂ ಒಂದೆರಡು ಅಂಗುಲ ನೀರು ನಿಂತಿರಬೇಕು. ಆ ನೀರೇ ಮನೆಗೂ ಚರಂಡಿಗೂ ನಡುವಿನ ಬಾಗಿಲು. ಏಪ್ರಿಲ್ ಬಿಸಿಲಿನಲ್ಲಿ ಮನೆ ಮುಚ್ಚಿ ಎರಡು ಮೂರು ವಾರ ಹೋದರೆ ನೀರು ಆರಿಹೋಗುತ್ತದೆ. ನೊಣ, ಜಿರಲೆ, ವಾಸನೆ ಎಲ್ಲಕ್ಕೂ ದಾರಿ ಸಲೀಸು. ಬಳಸದೆ ಬಿಟ್ಟ ಮೇಲಿನ ಮಹಡಿಯ ಬಚ್ಚಲು, ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆ, ಇವೂ ಅದೇ ಲೆಕ್ಕ.

ಎರಡು ಚೊಂಬು ನೀರು ಹಾಕಿ. ವಾಸನೆ ಅರ್ಧ ಗಂಟೆಯಲ್ಲಿ ಇಳಿದರೆ ದೋಷ ಸಿಕ್ಕಿತು. ಮತ್ತೆ ಊರಿಗೆ ಹೋಗುವಾಗ ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ನೀರು ಬೇಗ ಆರುವುದಿಲ್ಲ. ಜಾಲಿಯ ಮೇಲೆ ಒದ್ದೆ ಗೋಣಿತಾಟು ಹೊದಿಸಿದರೆ ಸಾಕು ಅನ್ನುವವರಿದ್ದಾರೆ. ತಾಟು ಒಣಗುತ್ತದೆ, ಎಣ್ಣೆ ಒಣಗುವುದಿಲ್ಲ.

ನೀರು ಹಾಕಿದ ಮಾರನೇ ದಿನವೇ ಟ್ರ್ಯಾಪ್ ಮತ್ತೆ ಖಾಲಿಯಾದರೆ ಅದು ಬಿಸಿಲಿನ ಕೆಲಸ ಅಲ್ಲ. ಟ್ರ್ಯಾಪ್ ಬಿರುಕು ಬಿಟ್ಟಿದೆ, ಇಲ್ಲವೇ ಗಾಳಿ ಪೈಪು ಕಟ್ಟಿಕೊಂಡು ನೀರನ್ನು ಎಳೆದುಕೊಳ್ಳುತ್ತಿದೆ. ಪ್ಲಂಬರ್ ಕರೆಯಿರಿ.

## ಲಕ್ಷಣ: ಟೇಪು ಖಾಲಿ, ಗೋಡೆ ಮೇಲೆ ಮಾತ್ರ ಬರುತ್ತಲೇ ಇವೆ

ತೇವ, ಕೊಳೆ ಎರಡೂ ಸೇರಿದ ಯಾವ ಜಾಗವಾದರೂ ಇವಕ್ಕೆ ಆಗುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಅಡಿ. ವಾಷ್ ಬೇಸಿನ್ ತುಂಬಿ ಚೆಲ್ಲದಿರಲೆಂದು ಮೇಲ್ಭಾಗದಲ್ಲಿ ಬಿಟ್ಟಿರುವ ಸಣ್ಣ ತೂತು. ಅದರೊಳಗೂ ಲೋಳೆ ಕಟ್ಟುತ್ತದೆ, ಯಾರೂ ನೋಡುವುದಿಲ್ಲ. ಅಡುಗೆಮನೆಯ ಕಡಪ ಕಲ್ಲಿಗೂ ಸಿಂಕಿಗೂ ನಡುವಿನ ಸಂದು. ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ. ಬೇಸಿಗೆ ಮುಗಿದ ಮೇಲೆ ನೀರು ತೆಗೆಯದೆ ಮೂಲೆಗೆ ತಳ್ಳಿದ ಕೂಲರ್. ತಾರಸಿಯ ಮಳೆನೀರಿನ ತೂತಿನಲ್ಲಿ ಎಲೆ, ಪಾರಿವಾಳದ ಹಿಕ್ಕೆ ಸೇರಿ ಕೊಳೆತಿದ್ದರೆ ಅಲ್ಲೂ.

ಬಚ್ಚಲ ಟೈಲ್ಸ್ ಸಂದಿನ ಸಿಮೆಂಟು ಉದುರಿದ್ದರೆ ಹಿಂದೆ ನೀರು ನಿಂತಿರುತ್ತದೆ. ಬೆರಳಿನ ಗೆಣ್ಣಿನಿಂದ ಟೈಲ್ಸ್ ತಟ್ಟಿ. ಟಕ್ ಟಕ್ ಅಂದರೆ ಸರಿ. ಡಬ್ ಡಬ್ ಅಂದರೆ ಒಳಗೆ ಟೊಳ್ಳು. ಅಲ್ಲಿಂದ ನೊಣ ಬರುತ್ತಿದೆಯಾ ಅಂತ ನೋಡಲು ಅದೇ ಟೇಪನ್ನು ಸಂದಿನ ಉದ್ದಕ್ಕೂ ಹಚ್ಚಿ ಬಿಡಿ.

## ಲಕ್ಷಣ: ಬಾಳೆಹಣ್ಣಿನ ಸುತ್ತ, ಕಸದ ಡಬ್ಬಿಯ ಸುತ್ತ ಸುತ್ತುತ್ತವೆ

ಇವು ಹಣ್ಣಿನ ನೊಣ, ಡ್ರೊಸೊಫಿಲಾ. ಸುಮಾರು 3 ಮಿಲಿಮೀಟರ್. ಇವಕ್ಕೆ ಹುಳಿ ಬರುತ್ತಿರುವ ವಾಸನೆ ಬೇಕು. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಹತ್ತೇ ದಿನ. ಈ ಅವಸರದ ಗುಣಕ್ಕೇ ವಿಜ್ಞಾನಿಗಳಿಗೆ ಇದು ಬಹಳ ಇಷ್ಟ. ಇದರ ಮೇಲೆ ಕೆಲಸ ಮಾಡಿದ ಥಾಮಸ್ ಹಂಟ್ ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಇವುಗಳ ತಳಿ ಸಾಕಿಡುವ ಕೇಂದ್ರ ಇದೆ. ನಾವು ಓಡಿಸಲು ಒದ್ದಾಡುವುದನ್ನು ಅಲ್ಲಿ ಸೀಸೆಯಲ್ಲಿ ಜೋಪಾನ ಮಾಡುತ್ತಾರೆ.

ಮೊದಲು ಕಣ್ಣಿಗೆ ಕಾಣುವುದನ್ನು ತೆಗೆಯಿರಿ. ಹಣ್ಣು ಮುಚ್ಚಿಡಿ, ಕಸದ ಡಬ್ಬಿ ದಿನಾ ಖಾಲಿ ಮಾಡಿ ತೊಳೆಯಿರಿ. ಆಮೇಲೆ ಈರುಳ್ಳಿ, ಆಲೂಗಡ್ಡೆ ಬುಟ್ಟಿ ಪೂರ್ತಿ ನೆಲಕ್ಕೆ ಸುರಿದು ನೋಡಿ. ತಳದಲ್ಲಿ ಒಂದು ಕೊಳೆತ ಆಲೂಗಡ್ಡೆ ಸಾಕು, ಇಡೀ ಅಡುಗೆಮನೆ ತುಂಬಿಸಲು. ಒಂದು ಬಟ್ಟಲಲ್ಲಿ ಸ್ವಲ್ಪ ವಿನೆಗರ್ ಅಥವಾ ಬೆಲ್ಲದ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಟ್ಟರೆ ಇರುವ ನೊಣ ಬಿದ್ದು ಮುಳುಗುತ್ತವೆ. ಈ ಬಟ್ಟಲು ಇನ್ನೊಂದು ಉಪಯೋಗಕ್ಕೂ ಬರುತ್ತದೆ. ಅಡುಗೆಮನೆಯ ಬೇರೆ ಬೇರೆ ಮೂಲೆಯಲ್ಲಿ ಮೂರು ಬಟ್ಟಲು ಇಡಿ. ಯಾವುದರಲ್ಲಿ ಜಾಸ್ತಿ ಬಿದ್ದಿವೆಯೋ ಆ ಮೂಲೆಯಲ್ಲಿ ಹುಡುಕಿ.

ಪರಿಚಯದವರ ಒಂದು ಸಣ್ಣ ದೋಸೆ ಹೋಟೆಲಿನಲ್ಲಿ ಎಲ್ಲ ಮಾಡಿ ನೋಡಿದರೂ ನೊಣ ಹೋಗಿರಲಿಲ್ಲ. ಬೆಣ್ಣೆದೋಸೆಯ ತಟ್ಟೆ ಇಟ್ಟ ಕೂಡಲೇ ನಾಲ್ಕು ನೊಣ ಹಾಜರು. ಗಿರಾಕಿ ಏನನ್ನಬೇಕು? ತೊಟ್ಟಿ ಕ್ಲೀನು, ಕಸದ ಡಬ್ಬಿ ಕ್ಲೀನು, ಜಾಲಿಗೆ ಟೇಪು ಹಚ್ಚಿದರೆ ಖಾಲಿ. ಬೆಲ್ಲದ ನೀರಿನ ಬಟ್ಟಲು ಇಟ್ಟಾಗ ರುಬ್ಬುವ ಗ್ರೈಂಡರ್ ಹತ್ತಿರದ್ದೇ ಕಪ್ಪಾಯಿತು. ಗ್ರೈಂಡರಿನ ವೈರು ಕಿತ್ತು, ಇಬ್ಬರು ಸೇರಿ ಓರೆ ಮಾಡಿದೆವು. ಅದರ ರಬ್ಬರ್ ಕಾಲುಗಳ ಸುತ್ತ, ನೆಲದ ಬಿರುಕಿನೊಳಗೆ ತಿಂಗಳುಗಟ್ಟಲೆ ಇಳಿದ ಹಿಟ್ಟು. ಮೇಲೆ ಒಣಗಿ ಹಪ್ಪಳ, ಕೆಳಗೆ ಹುಳಿ ಮೊಸರು. ಬಿಳಿ ಹುಳು ಗಿಜಿಗಿಜಿ. ಕೆರೆದು ತೊಳೆದು, ಬಿರುಕಿಗೆ ಸಿಮೆಂಟು ತುಂಬಿಸಿದ ಮೇಲೆ ನಿಂತಿತು. ಹೋಟೆಲಿನವರಿಗೆ ಒಂದು ಮಾತು: ನೆಲ ತೊಳೆಯುವ ಬಟ್ಟೆ ಹಿಂಡದೆ ಬಕೆಟ್ಟಿನಲ್ಲಿ ಬಿಟ್ಟರೆ ಅದೂ ಒಂದು ಗ್ರೈಂಡರಿನ ಅಡಿಯೇ.

## ಲಕ್ಷಣ: ಹೂಕುಂಡ ಅಲುಗಿಸಿದರೆ ಏಳುತ್ತವೆ

ನೀರು ಜಾಸ್ತಿ ಆಗಿದೆ. ಮಣ್ಣಿನ ಮೇಲ್ಭಾಗದ ಎರಡು ಅಂಗುಲ ಒಣಗಲು ಬಿಟ್ಟು ಆಮೇಲೆ ನೀರು ಹಾಕಿ. ಅನುಮಾನ ಇದ್ದರೆ ಆಲೂಗಡ್ಡೆಯ ಒಂದು ಹೋಳು ಮಣ್ಣಿನ ಮೇಲೆ ಒತ್ತಿ ಇಡಿ. ಮೂರು ದಿನ ಬಿಟ್ಟು ತಿರುಗಿಸಿದಾಗ ಕಪ್ಪು ತಲೆಯ, ಗಾಜಿನಂಥ ಮೈಯ ಹುಳು ಅಂಟಿದ್ದರೆ ಅಲ್ಲೇ ಹುಟ್ಟುತ್ತಿವೆ. ಹಳದಿ ಅಂಟು ಹಾಳೆ ಕುಂಡದಲ್ಲಿ ನೆಟ್ಟರೆ ನುಸಿ ಅಂಟುತ್ತವೆ. ಕಾಂಪೋಸ್ಟ್ ಡಬ್ಬಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ದಪ್ಪ ಬೂದು ಹುಳು ಕಂಡರೆ ಅದು ಬೇರೆ, ಅದರ ಪಾಡಿಗೆ ಬಿಡಿ. ಕಸ ಬೇಗ ಕರಗಿಸುತ್ತದೆ.

## ಲಕ್ಷಣ: ಡ್ರಮ್ಮಿನ ನೀರಿನಲ್ಲಿ ಹುಳು

ನಲ್ಲಿ ನೀರು ದಿನಾ ಬರದ ಕಡೆ ಮನೆ ಮನೆಗೂ ಡ್ರಮ್ಮು, ಸಂಪು ಇರುತ್ತವೆ. ಅದರಲ್ಲಿ ಕುಣಿಯುತ್ತಾ ಮೇಲೆ ಕೆಳಗೆ ಆಡುವ ಹುಳು ಕಂಡರೆ ಅದು ಬಚ್ಚಲು ನೊಣ ಅಲ್ಲ, ಸೊಳ್ಳೆ. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲೇ ಬೆಳೆಯುವುದು. ಕಾಯಬೇಡಿ, ಇವತ್ತೇ ಖಾಲಿ ಮಾಡಿ, ಒಳಮೈ ಉಜ್ಜಿ, ಒಣಗಿಸಿ ತುಂಬಿ, ಮುಚ್ಚಿ. ವಾರಕ್ಕೊಮ್ಮೆ ಹೀಗೆ ಮಾಡಬೇಕು.

ತಳದಲ್ಲಿ ಕೆಂಪು ದಾರದಂಥ ಹುಳು ಇದ್ದರೆ ಅದು ಕಚ್ಚದ ಇನ್ನೊಂದು ನುಸಿಯ ಮರಿ. ನಮ್ಮ ರಕ್ತದಲ್ಲಿರುವ ಹಾಗೆ ಅದರಲ್ಲೂ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೇ ಕೆಂಪು. ಕುಂದವಾಡ ಕೆರೆ ಕಡೆ ಸಂಜೆ ವಾಕಿಂಗ್ ಹೋದಾಗ ತಲೆ ಮೇಲೆ ಕಂಬದ ಹಾಗೆ ಗುಂಪು ಕಟ್ಟಿ ಆಡುತ್ತವಲ್ಲ, ಆ ಬಳಗ. ಅಪಾಯವಿಲ್ಲ, ಆದರೆ ಸಂಪಿನ ತಳದಲ್ಲಿ ಕೆಸರು ಕೂತಿದೆ ಅಂತ ಅರ್ಥ. ತೊಳೆಸಿ.

## ಲಕ್ಷಣ: ನೆಲದ ಮೇಲೆ, ಗೋಡೆಯ ಬುಡದಲ್ಲಿ ಓಡುವ ಗೂನು ನೊಣ

ಇಲ್ಲಿ ನಿಧಾನ ಮಾಡಬೇಡಿ. ಗೂನು ನೊಣ ಸತ್ತ ಇಲಿ, ಕೊಳೆತ ಮಾಂಸದಲ್ಲೂ ಹುಟ್ಟುತ್ತದೆ. ಹಾಗಾಗಿ ಮೊದಲು ಅಟ್ಟ, ಫ್ರಿಜ್ಜಿನ ಹಿಂದೆ, ಮಂಚದ ಕೆಳಗೆ ಹುಡುಕಿ. ಸಿಗಲಿಲ್ಲವೇ? ನೆಲದ ಅಡಿ ಗಟಾರದ ಪೈಪು ಒಡೆದು ಕೊಳಚೆ ಮಣ್ಣಿಗೆ ಇಳಿಯುತ್ತಿರಬಹುದು. ಆ ಮಣ್ಣಿನಲ್ಲಿ ಬೆಳೆದು, ನೆಲದ ಬಿರುಕಿನಿಂದ ಮೇಲೆ ಬರುತ್ತವೆ. ಜೊತೆಗೆ ಈ ಗುರುತುಗಳನ್ನೂ ನೋಡಿ: ಒಂದು ಕಡೆಯ ಟೈಲ್ಸ್ ಕುಗ್ಗಿದೆಯಾ, ಗೋಡೆಯ ಬುಡ ಯಾವಾಗಲೂ ತೇವವಾ, ಇರುವೆ, ಜಿರಲೆ ಒಂದೇ ಬಿರುಕಿನಿಂದ ಬರುತ್ತಿವೆಯಾ.

ಪಕ್ಕದ ಮನೆಯಲ್ಲಿ ಹೀಗೇ ಆಗಿತ್ತು. ಔಷಧಿ ಹೊಡೆಯುವವರು ಮೂರು ಸಲ ಬಂದು ದುಡ್ಡು ತಗೊಂಡು ಹೋದರು. ನೊಣ ಹೋಗಲಿಲ್ಲ. ಕಡೆಗೆ ಪ್ಲಂಬರ್ ಬಂದು ಸಿಂಕಿಗೆ ನೀಲಿ ಕಲಸಿದ ಒಂದು ಬಕೆಟ್ ನೀರು ಸುರಿದು, ಹೊರಗಿನ ಚೇಂಬರ್ ಹತ್ತಿರ ಕೂತ. ಹತ್ತು ನಿಮಿಷವಾದರೂ ನೀಲಿ ಬರಲಿಲ್ಲ.

"ಅಕ್ಕಾ, ಈ ಪೈಪ್ ಎಲ್ಲಿಗ್ ಹೋಗೈತಿ ಗೊತ್ತೈತೇನ್ರಿ?"

"ಚೇಂಬರಿಗೆ ಅಲ್ವೇನಣ್ಣಾ?"

"ಇಲ್ರೀ. ಇಲ್ಲೇ ನಿಮ್ ಅಡುಗೆಮನಿ ಮಣ್ಣಾಗೆ ಮುಗದೈತಿ."

ಒಡೆಸಿ ನೋಡಿದರೆ ಪೈಪಿನ ತಿರುವಿನ ಎಲ್ಬೋ ಬಿಟ್ಟುಹೋಗಿತ್ತು. ಕಪ್ಪಾದ ಮಣ್ಣು ಆರು ಬುಟ್ಟಿ ತೆಗೆದರು. ಪೈಪು ಸರಿಮಾಡಿ ಹಳೆಯ ಮಣ್ಣನ್ನೇ ಮತ್ತೆ ತುಂಬಬೇಡಿ. ಹುಳು ಅದರಲ್ಲೇ ಇರುತ್ತವೆ. ಹೊಸ ಮಣ್ಣು ಅಥವಾ ಎಂ ಸ್ಯಾಂಡ್ ಹಾಕಿಸಿ. ನೀಲಿಯ ಪರೀಕ್ಷೆಯನ್ನು ನೀವೇ ಮಾಡಬಹುದು, ಚೇಂಬರಿನ ಮುಚ್ಚಳ ಮಾತ್ರ ತಿಳಿದವರಿಂದ ತೆಗೆಸಿ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಒಂದು ತೂತಿನಲ್ಲಿ ನೀರು ಬಿಟ್ಟರೆ ಇನ್ನೊಂದರಲ್ಲಿ ಗುಳುಗುಳು ಅಂತ ಉಕ್ಕಿದರೆ ಕಟ್ಟು ಮನೆಯ ಹೊರಗಿದೆ. ಬ್ರಷ್ಷಿನಿಂದ ಆಗದು. ನಿಮ್ಮ ಕಾಂಪೌಂಡಿನೊಳಗಿನ ಚೇಂಬರ್ ಆದರೆ ಪ್ಲಂಬರ್, ರಸ್ತೆಯದಾದರೆ ಪಾಲಿಕೆಗೆ ದೂರು ಕೊಡಿ.

ಚೇಂಬರ್, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನೊಳಗೆ ತಲೆ ಹಾಕಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಅನಿಲಕ್ಕೆ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. "ಐನೂರು ಕೊಟ್ರೆ ಇಳೀತಾನೆ" ಅನ್ನುವವರ ಮಾತು ಕೇಳಬೇಡಿ. ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಇಳಿಸುವುದು, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಸಕ್ಕಿಂಗ್ ಮಷಿನ್ ತರಿಸಿ.

ಇನ್ನೊಂದು ವಿಷಯ. ಮೈ ಮೇಲೆ ತುರಿಕೆಯ ಗುಳ್ಳೆ ಎದ್ದು, "ಈ ಬಚ್ಚಲು ನೊಣವೇ ಕಚ್ಚಿದ್ದು" ಅಂತ ಅನಿಸಿದರೆ ಅದು ಇದಲ್ಲ. ಇದೇ ಕುಟುಂಬದ ಮರಳು ನೊಣ ಕಚ್ಚುತ್ತದೆ. ಅದು ಕೂತಾಗ ರೆಕ್ಕೆಯನ್ನು ವಿ ಆಕಾರದಲ್ಲಿ ಮೇಲೆ ಎತ್ತಿ ಹಿಡಿದಿರುತ್ತದೆ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ಕಡೆ ಇರುತ್ತದೆ. ಗುಳ್ಳೆ ವಾಸಿಯಾಗದಿದ್ದರೆ ಅಥವಾ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಲೋಟದಲ್ಲಿ ಹಿಡಿದ ನೊಣದ ಫೋಟೊ ಮೊಬೈಲಿನಲ್ಲಿ ಇದ್ದರೆ ತೋರಿಸಿ.

ನಮ್ಮ ಹಿತ್ತಲ ಜಾಲಿಗೆ ತಿಂಗಳ ಮೊದಲ ಶನಿವಾರ ರಾತ್ರಿ ಈಗಲೂ ಟೇಪು ಹಚ್ಚುತ್ತೇನೆ. ಹೋದ ಸಲ ಎರಡು ಅಂಟಿದ್ದವು. ಭಾನುವಾರ ಬೆಳಗ್ಗೆ ನಾನು ಏಳುವ ಮೊದಲೇ ಅತ್ತೆ ಬ್ರಷ್ ಹಿಡಿದು ಕೂತಿದ್ದರು.